ಉಷ್ಣಕ್ಕೆ ಹೀಟ್ ಅಂದ ತಪ್ಪಿಗೆ

ಇದನ್ನು ಊಟ ಮಾಡುತ್ತಾ ಓದಬೇಡಿ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮಲ ಇದೆ, ರಕ್ತ ಇದೆ, ಹೊಟ್ಟೆಗೆ ಅಂಟಿಸಿಕೊಂಡ ಒಂದು ಚೀಲ ಇದೆ. ಕಾಯಿಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಧೈರ್ಯ, ಹೋರಾಟ, ಗೆಲುವು ಅಂತೆಲ್ಲ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಮಲಗಿಕೊಂಡು ಅಂಥದ್ದನ್ನು ಓದಿ ಓದಿ ನನಗೆ ರೋಸಿಹೋಗಿತ್ತು. ನಾನು ಫುಟ್‌ಬಾಲ್ ಆಡಿದವನೆಂದು ನೋಡಲು ಬಂದವರೆಲ್ಲ ‘ನೀನು ಫೈಟರ್’ ಎಂದು ಬೆನ್ನು ತಟ್ಟಿ ಹೋದರು. ನಾನು ಯಾರ ಜೊತೆಗೂ ಹೋರಾಡಲಿಲ್ಲ. ಕಮೋಡಿನ ಮೇಲೆ ಕೂತಿದ್ದೆ, ಅಷ್ಟೇ. ನನ್ನ ಹಾಗೆ ಚಿಲಕ ಹಾಕಿಕೊಂಡು ಕೂತಿರುವವರು ಯಾರಾದರೂ ಇದ್ದರೆ ಇದು ಅವರಿಗಾಗಿ.

ನನ್ನ ಹೆಸರು ಹರೀಶ, ಉಡುಪಿ ಕಡೆಯವನು. ಮಂಗಳೂರಿನ ಕಾಲೇಜಿಗೆ, ಆಮೇಲೆ ವಿಶ್ವವಿದ್ಯಾಲಯದ ತಂಡಕ್ಕೆ ರೈಟ್ ಬ್ಯಾಕ್ ಆಗಿ ಆಡಿ, ಆ ಆಟದಿಂದ ಹೊಟ್ಟೆ ತುಂಬುವುದಿಲ್ಲವೆಂದು ಗೊತ್ತಾದ ಮೇಲೆ ದುಬೈಗೆ ಬಂದೆ. ಇಲ್ಲಿನ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಆದೆ. ಹೆಡ್ ಕೋಚ್ ಕಾನರ್ ಎಂಬ ಐರ್ಲೆಂಡಿನವನು. ಐವತ್ತರ ಹತ್ತಿರದ, ಸ್ವಲ್ಪ ಬಿಸಿಲು ಬಿದ್ದರೂ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗುವ ಮನುಷ್ಯ. ಹರೀಶ ಎನ್ನಲು ನಾಲಿಗೆ ಹೊರಳದೆ ನನ್ನನ್ನು ಹ್ಯಾರಿ ಎಂದು ಕರೆಯುತ್ತಿದ್ದ. ಆಟಕ್ಕೆ ‘ಸಾಕರ್’ ಎನ್ನುತ್ತಿದ್ದ. ಅಮೆರಿಕಾದಲ್ಲಿ ಇದ್ದು ಬಂದ ಜಂಬ ಇರಬೇಕೆಂದು ನನಗೆ ಒಳಗೊಳಗೇ ಉರಿ. ಒಂದು ದಿನ ಕೇಳಿಯೇಬಿಟ್ಟೆ.

“ನಮ್ಮೂರಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ ಆಟ ಹ್ಯಾರಿ. ಅದರಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು” ಅಂದ.

ಒಂದೇ ಪದ, ಎರಡು ಆಟ. ಆ ಪಾಠವನ್ನು ನಾನು ಅವತ್ತೇ ಕಲಿತಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆದ ವರ್ಷದ ಬೇಸಿಗೆಯಲ್ಲಿ ಶುರುವಾಯಿತು. ನಾನು ಮತ್ತು ಹೆಂಡತಿ ಸುಜಯಾ ದೇರಾದ ಒಂದು ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದೆವು. ಉಳಿದೆರಡು ಕೋಣೆಗಳಲ್ಲಿ ಎರಡು ಸಂಸಾರ. ಬಾತ್‌ರೂಮ್ ಎಲ್ಲರಿಗೂ ಒಂದೇ. ದಿನಕ್ಕೆ ಹತ್ತು, ಹನ್ನೆರಡು ಸಲ ಓಡುವವನಿಗೆ ಅಂಥ ಮನೆ ನರಕ. ಹೊರಗಿನಿಂದ “ಯಲ್ಲಾ ಭಾಯ್, ಡ್ಯೂಟಿ ಹೈ” ಎಂದು ಬಾಗಿಲು ಬಡಿಯುತ್ತಿದ್ದರು. ಆ ವಿಶ್ವಕಪ್ಪಿನ ಎಷ್ಟೋ ಗೋಲುಗಳನ್ನು ನಾನು ನೋಡಲಿಲ್ಲ, ಪಕ್ಕದ ಕೋಣೆಯವರ ಕೂಗಿನಿಂದ ತಿಳಿದುಕೊಂಡೆ. ಕೆಳಗೆ ಬಗ್ಗಿ ನೋಡಿದರೆ ರಕ್ತ, ಲೋಳೆ. ಫ್ಲಶ್ ಮಾಡಿ, ಬ್ರಷ್ ಹಾಕಿ ಉಜ್ಜಿ, ಕಿಟಕಿ ತೆರೆದು, ಅಪರಾಧ ಮಾಡಿದವನ ಮುಖ ಹೊತ್ತು ಹೊರಗೆ ಬರುತ್ತಿದ್ದೆ. ನನ್ನ ಮೈಯ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಆಗಲೇ.

ಅಕ್ಕ, ಭಾವ ದುಬೈಯಲ್ಲೇ ಅಲ್ ಮುರಕ್ಕಬಾತ್‌ನಲ್ಲಿದ್ದಾರೆ. ಅಕ್ಕನಿಗೆ ನಾಚಿಕೆ ಬಿಟ್ಟು ಹೇಳಿದೆ. ಅವಳು ಮೀನಿಗೆ ಮಸಾಲೆ ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಲೂ ಇಲ್ಲ.

“ಇದು ಉಷ್ಣ ಮಾರಾಯ. ದಿನವಿಡೀ ಆ ಬಿಸಿಲಲ್ಲಿ ಸೀಟಿ ಊದ್ಕೊಂಡು ನಿಂತ್ರೆ ಉಷ್ಣ ಆಗದೆ ಮತ್ತೆಂತ ಆಗ್ತದೆ? ಮಜ್ಜಿಗೆ ಕುಡಿ, ಪುನರ್ಪುಳಿ ಶರಬತ್ತು ಕುಡಿ. ಮೊಟ್ಟೆ ಬಿಡು.”

ಉಷ್ಣ ಎಂದರೆ ನಮ್ಮವರಿಗೆ ಮುಗಿಯಿತು, ಮುಂದೆ ಡಾಕ್ಟರು ಬೇಡ. ಬಾಯಿಹುಣ್ಣೂ ಉಷ್ಣ, ಕಣ್ಣುರಿಯೂ ಉಷ್ಣ, ಮಾವಿನಹಣ್ಣೂ ಉಷ್ಣ. ನನಗೂ ಅದು ಹಿತವಾಗಿ ಕೇಳಿಸಿತು. ಉಷ್ಣ ಮರ್ಯಾದಸ್ಥರಿಗೆ ಬರುವಂಥದ್ದು. ಅದನ್ನು ಊಟಕ್ಕೆ ಕೂತಾಗಲೂ ಹೇಳಬಹುದು. ಮಜ್ಜಿಗೆ ಕುಡಿದೆ, ಮೆಂತೆ ಗಂಜಿ ಕುಡಿದೆ, ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿಕೊಂಡೆ. ರಕ್ತ ನಿಲ್ಲಲಿಲ್ಲ. ನಿಲ್ಲದಿದ್ದರೆ ಉಷ್ಣ ಇನ್ನೂ ಇಳಿದಿಲ್ಲ ಎಂದು ಅರ್ಥ, ಮತ್ತೆ ಮಜ್ಜಿಗೆ.

ಸೆಪ್ಟೆಂಬರಿನಲ್ಲಿ ಪ್ರಾಕ್ಟೀಸ್ ಶುರುವಾಯಿತು. ಒಂದು ಸಂಜೆ ಡಿಫೆಂಡರುಗಳನ್ನು ಸಾಲಾಗಿ ನಿಲ್ಲಿಸಿ, ಸೀಟಿ ಬಾಯಲ್ಲಿಟ್ಟುಕೊಂಡೇ ಮೂರು ಸಲ ಟಾಯ್ಲೆಟ್ಟಿಗೆ ಓಡಿದೆ. ಕಾನರ್ ನನ್ನನ್ನು ತಡೆದು ಏನೆಂದು ಕೇಳಿದ. ಉಷ್ಣ ಎನ್ನಲು ಇಂಗ್ಲಿಷಿನಲ್ಲಿ ಬೇರೆ ಏನಿದೆ?

“ಹೀಟ್, ಕೋಚ್. ಬಾಡಿ ಹೀಟ್” ಅಂದೆ.

ಅವನ ಕೆಂಪು ಮುಖ ಬಿಳುಚಿಕೊಂಡಿತು. ಅವನು ಹಿಂದೆ ಅಮೆರಿಕಾದ ಒಂದು ಕಾಲೇಜಿನ ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದಾಗ ಒಬ್ಬಳು ಆಗಸ್ಟಿನ ಬಿಸಿಲಿಗೆ ಮೈದಾನದಲ್ಲೇ ಕುಸಿದಿದ್ದಳಂತೆ. ಅಲ್ಲಿಂದ ಅವನಿಗೆ ಬಿಸಿಲೆಂದರೆ ಹಾವು ಕಂಡಷ್ಟು ಭಯ. ಆ ಕ್ಷಣದಿಂದ ನನ್ನ ಕುತ್ತಿಗೆಗೆ ಮಂಜುಗಡ್ಡೆ ಸುತ್ತಿದ ಟವೆಲು ಬಿತ್ತು. ಉಪ್ಪು ಸಕ್ಕರೆ ಬೆರೆಸಿದ ನೀರು ಬಂತು. ವಾರದೊಳಗೆ ನನ್ನನ್ನು ಮೈದಾನದಿಂದಲೇ ತೆಗೆದು, ಎದುರಾಳಿಗಳ ಮ್ಯಾಚ್ ವೀಡಿಯೊ ನೋಡಿ ಟಿಪ್ಪಣಿ ಬರೆಯಲು ಏಸಿ ಕೋಣೆಯಲ್ಲಿ ಕೂರಿಸಿದ. ಮೈದಾನಕ್ಕೆ ಹೋದರೆ ಗದರುತ್ತಿದ್ದ. ನಾನು ತಿದ್ದಬಹುದಿತ್ತು. ತಿದ್ದಲಿಲ್ಲ, ಯಾಕೆಂದರೆ ಆ ಏಸಿ ಕೋಣೆಯ ಪಕ್ಕದ ಬಾಗಿಲೇ ಟಾಯ್ಲೆಟ್ಟು. ಹೀಗೆ ಅಕ್ಕ ಒಂದು ಉಷ್ಣಕ್ಕೆ, ಕಾನರ್ ಇನ್ನೊಂದು ಉಷ್ಣಕ್ಕೆ ಔಷಧಿ ಮಾಡುತ್ತಾ ಇದ್ದರು, ನಡುವೆ ನನ್ನ ಕರುಳು ಕೊಳೆಯುತ್ತಾ ಇತ್ತು.

ಜನವರಿಯಲ್ಲಿ ಅಬುಧಾಬಿಯಲ್ಲಿ ಮ್ಯಾಚ್. ಆ ದಿನ ಮೋಡ, ಸಮುದ್ರದ ಕಡೆಯಿಂದ ಬೀಸುವ ಥಂಡಿ ಗಾಳಿ. ಹುಡುಗರು ಜರ್ಸಿಯ ಕೆಳಗೆ ಇನ್ನೊಂದು ಬನಿಯನ್ ಹಾಕಿದ್ದರು. ತಂಪು ಎಂಬ ಕಾರಣಕ್ಕೇ ಕಾನರ್ ನನ್ನನ್ನು ಬೆಂಚಿಗೆ ಕರೆತಂದಿದ್ದ. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಎದ್ದೆ.

“ಎಲ್ಲಿಗೆ?”

“ಹೀಟ್, ಕೋಚ್.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಹ್ಯಾರಿ, ನಾನು ಜಾಕೆಟ್ ಹಾಕಿದ್ದೇನೆ” ಅಂದ.

ನಾನು ಓಡಿದೆ. ಡ್ರೆಸಿಂಗ್ ರೂಮಿನ ಟಾಯ್ಲೆಟ್ಟಿಗೆ ತಲುಪುವಷ್ಟರಲ್ಲಿ ತಡವಾಗಿತ್ತು. ಕಾಲೇಜಿನ ಬಿಳಿ ಟ್ರ್ಯಾಕ್ ಪ್ಯಾಂಟು ಹಿಂದಿನಿಂದ ಪೂರ್ತಿ ಕೆಂಪು. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದು ಕೂತೆ. ಕಾನರ್ ಮ್ಯಾಚ್ ಬಿಟ್ಟು ಹಿಂದೆಯೇ ಬಂದಿದ್ದ. ಅವನು ಮೂಗು ಮುಚ್ಚಿಕೊಳ್ಳಲಿಲ್ಲ. ತನ್ನ ಜಾಕೆಟ್ಟನ್ನು ನನ್ನ ಸೊಂಟಕ್ಕೆ ಸುತ್ತಿ, “ಇದು ಹೀಟ್ ಅಲ್ಲ” ಎಂದಷ್ಟೇ ಹೇಳಿ ಟ್ಯಾಕ್ಸಿಯಲ್ಲಿ ಕೂರಿಸಿ ತಾನೂ ಹತ್ತಿದ.

ಆಸ್ಪತ್ರೆಯ ವೇಯ್ಟಿಂಗ್ ರೂಮ್ ತುಂಬಾ ಜನ. ಟೋಕನ್ ಹಿಡಿದು ಹೋದರೆ ಕೌಂಟರಿನ ಮಲಯಾಳಿ ನರ್ಸ್ ಗಾಜಿನ ಹಿಂದಿನಿಂದ, “ಸಾರ್, ಒಂದು ದಿವಸಕ್ಕೆ ಮೋಷನ್ ಎಷ್ಟು ಟೈಮ್ಸ್?” ಎಂದು ಹಿಂದಿಯಲ್ಲಿ ಕೂಗಿ ಕೇಳಿದಳು. ನಾನು ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಸಮೋಸ ತಿನ್ನುತ್ತಿದ್ದವನೊಬ್ಬ ಅಗಿಯುವುದನ್ನು ನಿಲ್ಲಿಸಿ ಪೊಟ್ಟಣ ಮಡಚಿ ಇಟ್ಟ. ಅವನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಕಾನರ್ ಪಕ್ಕದಲ್ಲಿ ಕೂತು ಹೊತ್ತು ಕಳೆಯಲು ತನ್ನ ಕತೆ ಹೇಳಿದ. ಹದಿನೆಂಟಕ್ಕೇ ಸ್ಕಾಲರ್‌ಶಿಪ್ ಸಿಕ್ಕಿ ಸಮುದ್ರ ದಾಟಿದ್ದ. ಅಮೆರಿಕಾದ ಕಾಲೇಜಿಗೆ ಮೂರು ವರ್ಷ ಆಡಿದ, ನಾಲ್ಕನೆಯ ವರ್ಷ ಮೊಣಕಾಲು ಮುರಿಯಿತು. ಆಮೇಲೆ ಎರಡು ವರ್ಷ ಮೈದಾನ ಇರುವ ರಸ್ತೆಯಲ್ಲೇ ನಡೆಯಲಿಲ್ಲವಂತೆ. ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದ. ಕೊನೆಗೆ ಹಳೆಯ ಕೋಚ್ ಬೈದು ಕರೆದುಕೊಂಡು ಹೋಗಿ ಹುಡುಗಿಯರ ತಂಡಕ್ಕೆ ಚೆಂಡು ಹೊರಲು ಹಚ್ಚಿದ. ಅಲ್ಲಿಂದ ಇಪ್ಪತ್ತು ವರ್ಷ ಬಸ್ಸು, ಅಗ್ಗದ ಲಾಡ್ಜು, ಬೇರೆಯವರ ಮಕ್ಕಳ ಆಟ. ಊರಿಗೆ ಹೋದರೆ ಅವನ ತಾಯಿ ‘ಯಾಂಕ್ ಬಂದ’, ಅಂದರೆ ಅಮೆರಿಕಾದವನು ಬಂದ, ಎನ್ನುತ್ತಾಳಂತೆ.

“ಆ ಎರಡು ವರ್ಷ ದಂಡ ಹ್ಯಾರಿ. ಯಾರಿಗೂ ಉಪಯೋಗವಾಗಲಿಲ್ಲ” ಅಂದ.

ಆಗ ಅದು ನನ್ನ ಕಿವಿಗೆ ಬೀಳಲಿಲ್ಲ. ಟಾಯ್ಲೆಟ್ ಎಷ್ಟು ಹೆಜ್ಜೆ ದೂರ ಇದೆ ಎಂದು ಎಣಿಸುತ್ತಿದ್ದೆ.

ಕೊಲೊನೊಸ್ಕೋಪಿಗೆ ಮುಂಚೆ ಹೊಟ್ಟೆ ಖಾಲಿ ಮಾಡಲು ಒಂದು ದ್ರಾವಣ ಕೊಡುತ್ತಾರೆ. ಕುಡಿದವರಿಗೆ ಗೊತ್ತು. ನಿಂಬೆಹಣ್ಣು ಹಿಂಡಿದ ಸೋಪಿನ ನೀರು, ಅದೂ ಲೀಟರುಗಟ್ಟಲೆ. ದೇರಾದ ಫ್ಲ್ಯಾಟಿನಲ್ಲಿ ಅದನ್ನು ಕುಡಿದರೆ ಉಳಿದ ಎರಡು ಸಂಸಾರಗಳು ಬೀದಿಗೆ ಬೀಳುತ್ತಿದ್ದವು. ಅಕ್ಕನ ಮನೆಗೆ ಹೋದೆ. ಇಡೀ ಹಗಲು ಒಳಗೆ ನಾನು, ಹೊರಗೆ ಅಕ್ಕ.

“ಹರೀಶಾ, ಬಾರ್ಲಿ ನೀರು ಮಾಡ್ಲಾ? ತಂಪಾಗ್ತದೆ.”

ಮರುದಿನ ಡಾಕ್ಟರು ಪರದೆಯಲ್ಲಿ ನನ್ನ ಒಳಗನ್ನು ತೋರಿಸಿದರು. ದೊಡ್ಡ ಕರುಳಿನ ಉದ್ದಕ್ಕೂ ಹುಣ್ಣು. ಕಸಾಯಿ ಅಂಗಡಿಯ ಮುಂದೆ ಮೂಗು ಮುಚ್ಚಿ ಹೋಗುವವನು ನಾನು, ಆ ಅಂಗಡಿ ನನ್ನೊಳಗೇ ಇತ್ತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದರು. ಮಜ್ಜಿಗೆ ಎನ್ನಲು ನಾಚಿಕೆಯಾಯಿತು. ಅಕ್ಕನಿಗೆ ಫೋನ್ ಮಾಡಿ ಹುಣ್ಣು ಎಂದೆ. ಅವಳು “ಹುಣ್ಣಾದ್ರೆ ಅದು ಉಷ್ಣದಿಂದಲೇ ಅಲ್ವಾ” ಅಂದಳು. ಆಮೇಲೆ ಅತ್ತಳು.

ಸ್ಟೀರಾಯ್ಡ್ ಶುರುವಾಯಿತು. ಮುಖ ಕುಂಬಳಕಾಯಿಯಾಯಿತು. ನೋಡಿದವರು “ಈಗ ಚೆನ್ನಾಗಿ ತುಂಬ್ಕೊಂಡಿದ್ದೀರಿ” ಎಂದು ಸಂತೋಷಪಟ್ಟರು. ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಕಷಾಯ. ಒಬ್ಬರು ಸಕಾರಾತ್ಮಕವಾಗಿ ಯೋಚಿಸಿ ಎಂದು ಸೂರ್ಯೋದಯದ ಚಿತ್ರ ಕಳಿಸಿದರು. ಅದನ್ನೂ ನಾನು ಕಮೋಡಿನ ಮೇಲೆ ಕೂತೇ ನೋಡಿದೆ. ಒಂದು ಔಷಧಿ ಸೋತಿತು, ಎರಡನೆಯದೂ ಸೋತಿತು. ಬೇಸಿಗೆಗೆ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ದೊಡ್ಡ ಕರುಳನ್ನು ತೆಗೆಯಬೇಕು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಅದಕ್ಕೊಂದು ಚೀಲ ಅಂಟಿಸುತ್ತಾರೆ. ಮಲ ಆ ಚೀಲಕ್ಕೆ ಬರುತ್ತದೆ, ಜೀವನಪೂರ್ತಿ.

ಮನೆಗೆ ಬಂದು ಸುಜಯಾಳಿಗೆ, “ನಂಗೆ ಅದು ಬೇಡ. ಅದಕ್ಕಿಂತ ಸಾಯ್ತೇನೆ” ಅಂದೆ.

ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಹೇಳಿದಳು. “ಎಲ್ಲಿ ಸಾಯುದು? ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಸಾಯ್ಲಿಕ್ಕೆ ಆಗುದಿಲ್ಲ ಇಲ್ಲಿ. ಇರುದೊಂದೇ. ಬೇರೆಯವರಿಗೆ ಡ್ಯೂಟಿಗೆ ಹೋಗ್ಲಿಕ್ಕೆ ಉಂಟು.”

ನನಗೆ ನಗು ಬಂತು. ತಿಂಗಳುಗಳ ಮೇಲೆ ಬಂದ ನಗು. ನಾನು ನಕ್ಕದ್ದು ನೋಡಿ ಅವಳು ಮಡಚಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಮರುದಿನ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದೆ.

ಆಪರೇಷನ್ ಆಗಿ ಎಚ್ಚರವಾದ ಕೆಲವು ದಿನಗಳ ಮೇಲೆ ಮೊದಲ ಸಲ ಅದನ್ನು ನೋಡಿದೆ. ಹೊಕ್ಕುಳಿನ ಬಲಕ್ಕೆ, ಕೆಂಪಗೆ, ಒದ್ದೆಯಾಗಿ, ತಾನಾಗಿಯೇ ಮಿಸುಕಾಡುವ ಒಂದು ಮಾಂಸದ ಮೊಗ್ಗು. ಬ್ಯಾಗ್ ಬದಲಿಸಲು ಕಲಿಸುತ್ತಿದ್ದ ನರ್ಸ್ “ಬ್ಯೂಟಿಫುಲ್” ಅಂದಳು. ನಾನು ತಲೆ ತಿರುಗಿಸಿ ವಾಂತಿ ಮಾಡಿದೆ. ಸುಜಯಾ ನನ್ನ ಬಾಯಿ ಒರೆಸಿ, ನರ್ಸಿನ ಪಕ್ಕ ನಿಂತು, ಚೀಲವನ್ನು ಹೊಟ್ಟೆಗೆ ಹಿಡಿಸುವ ಅಂಟಿನ ಬಳೆಯನ್ನು ಅಳತೆಗೆ ಕತ್ತರಿಸುವುದನ್ನು ರವಿಕೆ ಹೊಲಿಯಲು ಕಲಿಯುವವಳ ಶ್ರದ್ಧೆಯಿಂದ ಕಲಿತಳು.

ನಿಜ ಹೇಳಬೇಕು, ಒಂದು ಸುಖ ಸಿಕ್ಕಿತು. ರಕ್ತ ನಿಂತಿತು, ಓಟ ನಿಂತಿತು. ಆಗಸ್ಟಿನ ಒಂದು ಸಂಜೆ ಇಬ್ಬರೂ ಬರ್ ದುಬೈಯ ದೇವಸ್ಥಾನಕ್ಕೆ ಹೋಗಿ, ವಾಪಸು ಬರುವಾಗ ಅಬ್ರಾ ಎಂಬ ದೋಣಿಯ ಹಲಗೆಯ ಮೇಲೆ ಅಪರಿಚಿತರ ನಡುವೆ ಒತ್ತಿಕೊಂಡು ಕೂತು ಕ್ರೀಕ್ ದಾಟಿದೆವು. ಆಚೆ ದಡ ಮುಟ್ಟಿದ ಮೇಲೆ ಹೊಳೆಯಿತು, ಟಾಯ್ಲೆಟ್ ಎಲ್ಲಿದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆದರೆ ಪಕ್ಕದಲ್ಲಿದ್ದವನು ಮುಖ ಆಚೆ ತಿರುಗಿಸಿದ್ದು ಗಾಳಿಗೋ ನನ್ನ ವಾಸನೆಗೋ ಎಂದು ಮನೆ ತಲುಪುವವರೆಗೂ ಯೋಚಿಸಿದೆ. ಮತ್ತೆ ಹೊರಗೆ ಹೊರಡಲಿಲ್ಲ.

ಸೆಪ್ಟೆಂಬರಿನಲ್ಲಿ ಕಾನರ್ ಮನೆಗೆ ಬಂದ. ಕೋಣೆಯಲ್ಲಿ ಕುರ್ಚಿಗೆ ಜಾಗವಿಲ್ಲ, ಮಂಚದ ತುದಿಯಲ್ಲಿ ಕೂತ. ಸುಜಯಾ ಮಾಡಿದ ಗೋಳಿಬಜೆ ತಿಂದ.

“ಕಾಲೇಜಿನವರು ಈ ತಿಂಗಳು ಕಾಯ್ತಾರೆ. ಆಮೇಲೆ ಇನ್ನೊಬ್ಬರನ್ನು ತಗೊಳ್ತಾರೆ. ಆಗ ನಿನ್ನ ವೀಸಾ ನನ್ನ ಕೈಯಲ್ಲಿಲ್ಲ” ಅಂದ.

“ನನ್ನಿಂದ ವಾಸನೆ ಬರ್ತದೆ ಕೋಚ್. ಹುಡುಗರ ಮಧ್ಯೆ ನಿಲ್ಲಲಾರೆ.”

“ಇದೂ ಹೀಟಾ?”

ಆಗ ಅವನಿಗೆ ಉಷ್ಣ ಎಂದರೇನೆಂದು ಬಿಡಿಸಿ ಹೇಳಿದೆ. ಮೊಟ್ಟೆ, ಮಾವಿನಹಣ್ಣು, ನೆತ್ತಿಯ ಹರಳೆಣ್ಣೆ ಎಲ್ಲವನ್ನೂ. ಅವನ ಮುಖ ಕೆಂಪಾಗುತ್ತಾ ಹೋಯಿತು.

“ಅಂದರೆ ಕರುಳಿನಿಂದ ರಕ್ತ ಹೋಗುವವನ ಕುತ್ತಿಗೆಗೆ ನಾನು ಐಸ್ ಇಟ್ಟೆನಾ?” ಎಂದು ಕಿರುಚಿದ. ಪಕ್ಕದ ಕೋಣೆಯ ಟೀವಿ ನಿಂತಿತು. ಬಾಗಿಲಲ್ಲಿ ತಿರುಗಿ ನಿಂತು, “ನಾನು ಎರಡು ವರ್ಷ ಹೋಗಲಿಲ್ಲ. ನೀನು ಸೋಮವಾರ ಬಾ” ಅಂದ.

ಹೋದೆ. ಇಲ್ಲವಾದರೆ ಕೆಲಸ ಮಾತ್ರವಲ್ಲ, ನನಗೆ ಗೊತ್ತಿದ್ದ ಒಂದೇ ಬದುಕು ಹೋಗುತ್ತಿತ್ತು. ಪ್ರತಿದಿನ ಹೊರಡುವ ಮುಂಚೆ ಸುಜಯಾಳ ಮುಂದೆ ನಿಂತು, “ವಾಸನೆ ಉಂಟಾ?” ಎಂದು ಕೇಳುತ್ತಿದ್ದೆ. ಅವಳು ಹತ್ತಿರ ಬಂದು ಮೂಸಿ, “ಎಂತದೂ ಇಲ್ಲ. ಹೋಗಿ” ಎನ್ನುತ್ತಿದ್ದಳು. ಮೈದಾನದಲ್ಲಿ ನನ್ನ ಕಡೆಯ ಗಾಳಿ ಹುಡುಗರ ಕಡೆ ಬೀಸದ ಹಾಗೆ, ಎರಡು ಮಾರು ದೂರ ನಿಲ್ಲುತ್ತಿದ್ದೆ. ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಅದಕ್ಕೆ ಯಾವಾಗಲೂ ವಾಸನೆಯೇ.

ಮೂರು ವಾರದ ಮೇಲೆ ಅಬುಧಾಬಿಯ ಅದೇ ಮೈದಾನದಲ್ಲಿ ಮ್ಯಾಚ್. ಈ ಸಲ ಸುಡುಬಿಸಿಲು. ಹಾಫ್ ಟೈಮಿಗೆ ಒಂದು ಗೋಲು ನಮ್ಮದು, ಒಂದು ಅವರದು. ಡ್ರೆಸಿಂಗ್ ರೂಮಿನಲ್ಲಿ ಏಸಿ ಕೆಟ್ಟಿತ್ತು. ಬೆವರಿದ ಸಾಕ್ಸು, ಕಾಲಿಗೆ ಹಚ್ಚಿದ ಎಣ್ಣೆ, ಹದಿನೆಂಟು ಗಂಡಸರು. ಕಾನರ್ ಬೋರ್ಡಿನಲ್ಲಿ ಗೆರೆ ಎಳೆಯುತ್ತಿದ್ದ. ಆಗ ನನ್ನ ಸೊಂಟದ ಹತ್ತಿರ ಏನೋ ಬೆಚ್ಚಗೆ ಹರಿದಂತಾಯಿತು. ಬೆವರಿಗೆ ಅಂಟು ಬಿಟ್ಟಿತ್ತು. ಈ ಸಲ ಮಾತ್ರ ನಿಜವಾಗಿಯೂ ಹೀಟ್.

ಲೆಬನಾನಿನ ಒಬ್ಬ ಡಿಫೆಂಡರ್ ಮೂಗು ಹಿಡಿದುಕೊಂಡು, “ಸಮರ್ಥ್, ಖಲಾಸ್! ಆ ಗ್ಲೌಸ್ ಹೊರಗೆ ಬಿಸಾಡು” ಎಂದು ಕೂಗಿದ. ಎಲ್ಲರೂ ನಕ್ಕರು. ಸಮರ್ಥ್ ನಮ್ಮ ಗೋಲ್‌ಕೀಪರ್, ಹುಬ್ಬಳ್ಳಿಯ ಇಂಜಿನಿಯರೊಬ್ಬರ ಮಗ. ದುಬೈಯಲ್ಲೇ ಬೆಳೆದವನು, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವನು.

“ಹೊಸ ಗ್ಲೌಸ್ ಬ್ರೋ! ಮೊನ್ನೆ ತಗೊಂಡಿದ್ದು, ಐ ಸ್ವೇರ್” ಅಂದ. ನಗು ಇನ್ನೂ ಜೋರಾಯಿತು. ಯಾರೋ ಅವನ ಕಡೆ ಟವೆಲು ಎಸೆದರು. ಅವನ ಕಿವಿ ಕೆಂಪಾಯಿತು. ಕಾನರ್ ಬೋರ್ಡಿನಿಂದ ಮುಖ ತಿರುಗಿಸಲಿಲ್ಲ. ಗೆರೆ ಎಳೆಯುವ ಕೈ ಮಾತ್ರ ನಿಂತಿತ್ತು. ಅವನಿಗೆ ಗೊತ್ತಿತ್ತು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಎಂಟು ತಿಂಗಳು ಒಂದು ಪದದ ಹಿಂದೆ ಅಡಗಿ ಕೂತವನಿಗೆ ಒಂದು ಜೊತೆ ಗ್ಲೌಸಿನ ಹಿಂದೆ ಅಡಗುವುದು ಏನು ಕಷ್ಟ? ಆದರೆ ಆ ಕೆಂಪು ಕಿವಿ ನೋಡಿ ನನ್ನ ಮೇಲೆ ನನಗೆ ಎಂಥ ಹೇಸಿಗೆ ಬಂತೆಂದರೆ, ಮಲ, ರಕ್ತ, ಆ ಕೆಂಪು ಮೊಗ್ಗು, ಯಾವುದರ ಮೇಲೂ ಅಷ್ಟು ಬಂದಿರಲಿಲ್ಲ.

“ಅವನದ್ದಲ್ಲ, ನನ್ನದು” ಅಂದೆ. ಟೀ ಶರ್ಟ್ ಎತ್ತಿ ತೋರಿಸಿದೆ. ಚೀಲದ ಅಂಚಿನಿಂದ ಸೋರಿ ಇಳಿಯುತ್ತಿದ್ದುದು ಎಲ್ಲರಿಗೂ ಕಂಡಿತು.

ಲೆಬನಾನಿನವನು ಮೂಗಿನಿಂದ ಕೈ ತೆಗೆದ. ಆಮೇಲೆ ಸಮರ್ಥ್ ಎದ್ದು ನಿಂತ. ಅವನ ಬಾಯಲ್ಲಿ ನಾನು ಮೊದಲ ಸಲ ಅಷ್ಟುದ್ದದ ಕನ್ನಡ ಕೇಳಿದೆ.

“ಸರ್, ಮೂರು ವಾರದಿಂದ ಇವ್ರೆಲ್ಲ ನನಗ ಬೈಯಾಕತ್ತಾರ್ರೀ! ಎರಡು ಜೋಡಿ ಗ್ಲೌಸ್ ಒಗದೀನಿ. ನಮ್ಮವ್ವ ವಾಷಿಂಗ್ ಮಷೀನ್ ಮುಟ್ಟಬ್ಯಾಡ ಅಂದಾಳ. ಮೊದಲ ಹೇಳಬಾರದೇನ್ರೀ?”

ಮೂರು ವಾರ. ಅಂದರೆ ಮೊದಲ ದಿನದಿಂದಲೇ ಎಲ್ಲರಿಗೂ ವಾಸನೆ ಬರುತ್ತಿತ್ತು. ಪ್ರತಿದಿನ ಹತ್ತಿರ ಬಂದು ಮೂಸಿ ‘ಎಂತದೂ ಇಲ್ಲ’ ಎನ್ನುತ್ತಿದ್ದ ಆ ಹೆಂಗಸು ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದಳು. ವಾಸನೆ ಬರುತ್ತಾ ಇರುವಾಗಲೇ ನಾನು ಮೂರು ವಾರ ಕೋಚ್ ಆಗಿದ್ದೆ.

“ಅವನು ಏನಂದ?” ಎಂದು ಲೆಬನಾನಿನವನು ಕೇಳಿದ.

“ಐ ಸೆಡ್, ಟೋಲ್ಡ್ ಯೂ” ಅಂದ ಸಮರ್ಥ್. ಮೊದಲು ಒಬ್ಬ ನಕ್ಕ, ಆಮೇಲೆ ಕೋಣೆಯೇ ನಕ್ಕಿತು. ತನಗೆ ಎಸೆದಿದ್ದ ಟವೆಲನ್ನು ಅವನು ನನ್ನ ಕೈಗೆ ಕೊಟ್ಟು, “ಹೋಗ್ರಿ ಸರ್, ಇನ್ನೂ ಎಂಟು ನಿಮಿಷ ಐತಿ” ಅಂದ.

ಹಿಂದೆ ಗೋಡೆ ಹಿಡಿದು ಕೂತಿದ್ದ ಅದೇ ಟಾಯ್ಲೆಟ್ಟಿನಲ್ಲಿ ಆರು ನಿಮಿಷದೊಳಗೆ ಚೀಲ ಬದಲಿಸಿ ಬಂದೆ. ಎರಡನೆಯ ಅರ್ಧ ಪೂರ್ತಿ ಗೆರೆಯ ಪಕ್ಕದಲ್ಲೇ, ಹುಡುಗರ ಹತ್ತಿರವೇ ನಿಂತಿದ್ದೆ. ಮ್ಯಾಚ್ ಸೋತೆವು. ಕೊನೆಯ ನಿಮಿಷದಲ್ಲಿ ನೇರವಾಗಿ ಬಂದ ಚೆಂಡು ಸಮರ್ಥನ ಹೊಸ ಗ್ಲೌಸಿನಿಂದ ಜಾರಿ ಒಳಗೆ ಹೋಯಿತು. ಅದಕ್ಕೆ ಮಾತ್ರ ನಾನು ಅವನಿಗೆ ಇಡೀ ಮೈದಾನಕ್ಕೆ ಕೇಳುವ ಹಾಗೆ ಬೈದೆ.